ಹಡಗುಹುಳುವಿನ ಕಿವಿರಿನ ಬ್ಯಾಕ್ಟೀರಿಯಾ: ಕಿಣ್ವ ಉಂಟು, ಬಳಕೆ ಎಲ್ಲಿ?

ಅಳಿವೆ ಮೇಷ್ಟ್ರು

ಸಮುದ್ರದ ಪ್ರಾಣಿಗಳ ಮೈಮೇಲೂ ಮೈಯೊಳಗೂ ಬದುಕುವ ಬ್ಯಾಕ್ಟೀರಿಯಾಗಳು ಉಪಯುಕ್ತ ಕಿಣ್ವಗಳ ಆಗರ ಎಂಬ ಒಂದು ಸಾಲು ಸೂಕ್ಷ್ಮಜೀವಶಾಸ್ತ್ರದ ಪದವಿ ಪಾಠಗಳಲ್ಲಿ ತಪ್ಪದೆ ಬರುತ್ತದೆ. ಅದರ ಬೆನ್ನಿಗೆ ಪ್ರೋಟಿಯೇಸ್, ಅಮೈಲೇಸ್, ಲೈಪೇಸ್, ಸೆಲ್ಯುಲೇಸ್ (ಕ್ರಮವಾಗಿ ಪ್ರೋಟೀನ್, ಪಿಷ್ಟ, ಕೊಬ್ಬು, ಸೆಲ್ಯುಲೋಸ್ ಒಡೆಯುವವು) ಎಂಬ ಪಟ್ಟಿ ಬರುತ್ತದೆ. ಅಲ್ಲಿಗೆ ಪಾಠ ಮುಗಿಯುತ್ತದೆ. ಯಾವ ಪ್ರಾಣಿ, ಯಾವ ಬ್ಯಾಕ್ಟೀರಿಯಾ, ಆ ಕಿಣ್ವದಿಂದ ಆ ಪ್ರಾಣಿಗೆ ಆಗುವ ಕೆಲಸವೇನು ಎಂದು ವಿಚಾರಿಸದೆ ನಮಗೇನು ಲಾಭ ಎಂಬಲ್ಲಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಒಂದು ಪ್ರಾಣಿಯನ್ನು ಮುಂದಿಟ್ಟುಕೊಂಡು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಹಡಗುಹುಳು ನಮ್ಮ ಬಳಚಿನ ದೂರದ ಸಂಬಂಧಿ, ಎರಡು ಚಿಪ್ಪುಗಳ ಮೃದ್ವಂಗಿ. ಅದರ ಚಿಪ್ಪುಗಳು ಮೈಯನ್ನು ಮುಚ್ಚುವ ಕೆಲಸವನ್ನು ಬಿಟ್ಟು, ಉದ್ದನೆಯ ದೇಹದ ತುದಿಯಲ್ಲಿ ಸಣ್ಣ ಹಲ್ಲುಗಳೊಂದಿಗೆ ಮರವನ್ನು ತರಿಯುವ ಸಾಧನವಾಗಿ ಉಳಿದಿವೆ. ತರಿದ ಪುಡಿಯನ್ನು ಪ್ರಾಣಿ ನುಂಗುತ್ತದೆ. ಮರವನ್ನು ತಿಂದು ಬದುಕಬೇಕಾದರೆ ಎರಡು ತೊಡಕುಗಳಿವೆ. ಮರದ ಮುಖ್ಯ ಅಂಶವಾದ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯಬಲ್ಲ ಕಿಣ್ವಗಳ ಪೂರ್ಣ ಬಳಗ ಪ್ರಾಣಿಗಳಲ್ಲಿ ಅಪರೂಪ; ಜೊತೆಗೆ ಮರದಲ್ಲಿ ಸಾರಜನಕ ತೀರಾ ಕಡಿಮೆ. ಹಡಗುಹುಳುವಿನ ಕಿವಿರಿನ ಜೀವಕೋಶಗಳ ಒಳಗೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಈ ಎರಡೂ ತೊಡಕುಗಳಿಗೆ ಪರಿಹಾರ ಒದಗಿಸುತ್ತವೆ. 1983ರಲ್ಲಿ ವಾಟರ್‌ಬರಿ, ಕ್ಯಾಲೊವೆ ಮತ್ತು ರುತ್ ಟರ್ನರ್ ಅವರು ಇಂತಹ ಒಂದು ಬ್ಯಾಕ್ಟೀರಿಯಾವನ್ನು ಪ್ರಾಣಿಯಿಂದ ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಸೆಲ್ಯುಲೋಸ್ ಒಂದನ್ನೇ ಆಹಾರವಾಗಿಯೂ ಗಾಳಿಯ ಸಾರಜನಕವನ್ನೇ ಸಾರಜನಕದ ಮೂಲವಾಗಿಯೂ ಬಳಸಿ ಅದು ಬೆಳೆಯಿತು. 2002ರಲ್ಲಿ ಅದಕ್ಕೆ ಟೆರೆಡಿನಿಬ್ಯಾಕ್ಟರ್ ಟರ್ನೆರೆ ಎಂದು ಹೆಸರಿಟ್ಟರು. ಹಾರ್ವರ್ಡ್‌ನಲ್ಲಿ ಮೃದ್ವಂಗಿಗಳ ಅಧ್ಯಯನಕ್ಕೆ ಆಯುಷ್ಯವನ್ನೇ ಮುಡಿಪಾಗಿಟ್ಟ ಟರ್ನರ್ ಅವರ ಗೌರವಾರ್ಥ ಇಟ್ಟ ಹೆಸರು ಅದು. 2009ರಲ್ಲಿ ಅದರ ಪೂರ್ಣ ಜೀನೋಮ್ ಪ್ರಕಟವಾಯಿತು. ಸುಮಾರು 52 ಲಕ್ಷ ಅಕ್ಷರಗಳ ಆ ಜೀನೋಮ್‌ನಲ್ಲಿ ಸಂಕೀರ್ಣ ಸಕ್ಕರೆ ಸರಪಳಿಗಳನ್ನು ಒಡೆಯುವ ಕಿಣ್ವಗಳ ಜೀನ್‌ಗಳು ಹೇರಳವಾಗಿದ್ದವು. ಅವುಗಳಲ್ಲಿ ಬಹುಪಾಲು ಮರದ ಅಂಶಗಳನ್ನೇ ಗುರಿಯಾಗಿಸಿಕೊಂಡಿದ್ದವು.

ನನ್ನ ಪ್ರಶ್ನೆ ಇಷ್ಟೇ. ಮರವನ್ನು ಒಡೆಯುವ ಕಿಣ್ವಗಳಿಗಾಗಿ ಜಗತ್ತೆಲ್ಲ ಹುಡುಕಾಡುತ್ತಿರುವಾಗ, ನಾಲ್ಕು ದಶಕಗಳಿಂದ ಕೈಯಲ್ಲೇ ಇರುವ ಈ ಬ್ಯಾಕ್ಟೀರಿಯಾದ ಕಿಣ್ವಗಳು ಕೃಷಿ ತ್ಯಾಜ್ಯದಿಂದ ಇಂಧನ ತೆಗೆಯುವ ಕಾರ್ಖಾನೆಗಳಲ್ಲಿ ಏಕೆ ಕಾಣಿಸುತ್ತಿಲ್ಲ? ಕಿಣ್ವಗಳ ದೋಷವೋ, ಉಪಯುಕ್ತತೆಯನ್ನು ನಾವು ಅಳೆಯುತ್ತಿರುವ ಕೋಲಿನ ದೋಷವೋ?

ಮರ ಮತ್ತು ಉಪ್ಪುನೀರು

ಮೇಷ್ಟ್ರೇ, ನಾನು ವೃತ್ತಿಜೀವನದ ಬಹುಭಾಗವನ್ನು ಈ ಪ್ರಾಣಿಯಿಂದ ಮರವನ್ನು ಕಾಪಾಡುವ ಕೆಲಸದಲ್ಲಿ ಕಳೆದವನು. ಹೀಗಾಗಿ ಅದರ ಕಿಣ್ವಗಳನ್ನು ಹೊಗಳುವ ಸಾಲಿನಲ್ಲಿ ನಿಲ್ಲಲು ಸ್ವಲ್ಪ ಮುಜುಗರವೇ ಆಗುತ್ತದೆ. ಆದರೂ ಆ ಕಿಣ್ವಗಳ ಸಾಮರ್ಥ್ಯವನ್ನು ಅರಿಯಲು ಪ್ರಾಣಿ ಮಾಡಿರುವ ಹಾನಿಯನ್ನು ನೋಡಿದರೆ ಸಾಕು. 1730ರ ದಶಕದಲ್ಲಿ ನೆದರ್ಲೆಂಡ್ಸ್‌ನ ಕಡಲ ಒಡ್ಡುಗಳಿಗೆ ಆಧಾರವಾಗಿದ್ದ ಮರದ ಕಂಬಗಳು ಟೊಳ್ಳಾದುವು. ಅಲ್ಲಿಂದ ಮುಂದೆ ಆ ದೇಶ ಒಡ್ಡುಗಳಿಗೆ ಕಲ್ಲನ್ನು ಹೊದಿಸಬೇಕಾಯಿತು. 1919ರಿಂದ ಎರಡು ಮೂರು ವರ್ಷಗಳ ಅವಧಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಹಡಗುಕಟ್ಟೆಗಳು ಒಂದಾದ ಮೇಲೊಂದು ಕುಸಿದವು. ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುವ ಪದ್ಧತಿಗೂ ಈ ಜೀವಿಯೇ ಮುಖ್ಯ ಕಾರಣಗಳಲ್ಲೊಂದು.

ನಮ್ಮ ಕರಾವಳಿಯಲ್ಲಿ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮೀನೆಣ್ಣೆಯನ್ನೂ ಬಳಿಯುತ್ತಿದ್ದುದನ್ನು ಹಿರಿಯ ಮೀನುಗಾರರು ಬಲ್ಲರು. ಈಗ ಫೈಬರ್ ದೋಣಿಗಳು ಬಂದ ಮೇಲೆ ಆ ಕೆಲಸ ಕಡಿಮೆಯಾಗಿದೆ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಬಿದ್ದು ಉಪ್ಪುನೀರಿನಲ್ಲಿ ನೆನೆಯುವ ಮರದೊಳಗೆ ಹಡಗುಹುಳು ತನ್ನ ಕೆಲಸವನ್ನು ನಿಲ್ಲಿಸಿಲ್ಲ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಕಡಲ ಮರಕೊರಕಗಳ ಅಧ್ಯಯನಕ್ಕೆಂದೇ ವಿಶಾಖಪಟ್ಟಣದಲ್ಲಿ ಒಂದು ಕೇಂದ್ರವನ್ನು ನಡೆಸಿಕೊಂಡು ಬಂದದ್ದನ್ನು ಇಲ್ಲಿ ನೆನಪಿಸಬಹುದು. ಅಂತಹ ಕಡೆ ಪ್ರಾಣಿಯ ಜಾತಿ, ಋತು, ಯಾವ ಮರಕ್ಕೆ ಎಷ್ಟು ಬಾಳಿಕೆ ಎಂಬುದರ ಬಗ್ಗೆ ಸಾಕಷ್ಟು ಕೆಲಸವಾಗಿದೆ. ಪ್ರಾಣಿಯೊಳಗಿನ ಬ್ಯಾಕ್ಟೀರಿಯಾದತ್ತ ನಮ್ಮ ಗಮನ ಹರಿದದ್ದು ಕಡಿಮೆ. ಕೊಲ್ಲಬೇಕಾದ ಜೀವಿಯ ಜೀರ್ಣಕ್ರಿಯೆಯನ್ನು ತಿಳಿದುಕೊಂಡು ಏನು ಮಾಡುವುದು ಎಂಬ ಧೋರಣೆ ನಮ್ಮಲ್ಲಿ ಅನೇಕರಿಗಿತ್ತು.

ಸಾರಜನಕದ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಬ್ಯಾಕ್ಟೀರಿಯಾ ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಸಾರಜನಕವನ್ನು ಸ್ಥಿರೀಕರಿಸಿದರೆ ಅದು ಪ್ರಾಣಿಯೊಳಗೂ ಹಾಗೆಯೇ ಮಾಡುತ್ತದೆ ಎಂದು ಹೇಳಲಾಗದು. 2007ರಲ್ಲಿ ಭಾರವಾದ ಸಾರಜನಕದ ಐಸೊಟೋಪನ್ನು ಕೊಟ್ಟು, ಅದು ಕಿವಿರಿನ ಬ್ಯಾಕ್ಟೀರಿಯಾಗಳಲ್ಲಿ ಸೇರಿ ಅಲ್ಲಿಂದ ಪ್ರಾಣಿಯ ಜೀವಕೋಶಗಳಿಗೂ ದಾಟುವುದನ್ನು ಚಿತ್ರಸಹಿತ ತೋರಿಸಿದ ಬಳಿಕವೇ ಆ ಸಂಶಯ ಪರಿಹಾರವಾಯಿತು. ಹೀಗೆ, ಅಲ್ಲಿ ದುಡಿಯುತ್ತಿರುವ ಕಿಣ್ವಗಳಲ್ಲಿ ಸೆಲ್ಯುಲೇಸ್‌ಗಳ ಜೊತೆಗೆ ಸಾರಜನಕವನ್ನು ಸ್ಥಿರೀಕರಿಸುವ ನೈಟ್ರೋಜಿನೇಸ್ ಕೂಡ ಇದೆ. ಕೈಗಾರಿಕೆಗೆ ಅದು ಬೇಡವಾದರೂ ಹುಳುವಿಗೆ ಅದಿಲ್ಲದೆ ಬದುಕಿಲ್ಲ.

ಹುದುಗುಪಾತ್ರೆ

ಮೇಷ್ಟ್ರು ಕೇಳಿದ ಪ್ರಶ್ನೆಗೆ ಕಾರ್ಖಾನೆಯ ಕಡೆಯಿಂದ ನೇರವಾಗಿಯೇ ಉತ್ತರಿಸುತ್ತೇನೆ. ಸ್ವಲ್ಪ ಒರಟಾಗಿ ಕಂಡರೆ ಮನ್ನಿಸಬೇಕು.

ಕೈಗಾರಿಕಾ ಸೆಲ್ಯುಲೇಸ್‌ನ ಅಂಗಳದಲ್ಲಿ ಟ್ರೈಕೊಡರ್ಮಾ ರೀಸೈ ಎಂಬ ಶಿಲೀಂಧ್ರ ಈಗಾಗಲೇ ಕುಳಿತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿಯ ಡೇರೆ, ಬಟ್ಟೆಗಳು ಕೊಳೆತುಹೋಗಲು ಕಾರಣ ಹುಡುಕಿದಾಗ ಸಿಕ್ಕಿದ ಜೀವಿ ಅದು. ಇಂದು ಬಳಕೆಯಲ್ಲಿರುವ ತಳಿಗಳೆಲ್ಲ ಆ ಒಂದು ಮೂಲದಿಂದ ಬಂದವು. ದಶಕಗಳ ಕಾಲ ಅದನ್ನು ಸುಧಾರಿಸುತ್ತ ಬಂದ ಫಲವಾಗಿ, ಹುದುಗುಪಾತ್ರೆಯಲ್ಲಿ ಲೀಟರಿಗೆ 100 ಗ್ರಾಂ ಮೀರಿದ ಪ್ರೋಟೀನನ್ನು ಅದು ಹೊರಕ್ಕೆ ಸ್ರವಿಸಬಲ್ಲದು. ನಿಮ್ಮ ಟೆರೆಡಿನಿಬ್ಯಾಕ್ಟರ್ ಇದಕ್ಕೆ ಎದುರಾಗಿ ನಿಲ್ಲಬೇಕಾದರೆ ಅದರ ಕಿಣ್ವ ತುಸು ಚುರುಕಾಗಿದ್ದರೆ ಸಾಲದು. ಅಷ್ಟೇ ಅಗ್ಗವಾಗಿ, ಅಷ್ಟೇ ರಾಶಿಯಾಗಿ ತಯಾರಾಗಬೇಕು. ಪಾಣಿಪತ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ, ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವಂತಹ ಸ್ಥಾವರಗಳಲ್ಲಿ ಕಿಣ್ವದ ಖರ್ಚೇ ಲೆಕ್ಕವನ್ನು ಕೆಡಿಸುವ ಮುಖ್ಯ ಬಾಬ್ತುಗಳಲ್ಲೊಂದು. ಅಲ್ಲಿ ಕಿಣ್ವವು ಕಡಲಿನಿಂದ ಬಂತೋ ಡೇರೆಯಿಂದ ಬಂತೋ ಎಂದು ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೂ ನಾನು ಹಡಗುಹುಳುವನ್ನು ತಳ್ಳಿಹಾಕುವುದಿಲ್ಲ. ಶಿಲೀಂಧ್ರದ ಕಿಣ್ವಗಳು ಸಾಮಾನ್ಯವಾಗಿ ಆಮ್ಲೀಯ ಪರಿಸರವನ್ನು, ಸುಮಾರು 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಬಯಸುತ್ತವೆ. ಕಡಲ ಪ್ರಾಣಿಯೊಂದಿಗೆ ಬಾಳುವ ಬ್ಯಾಕ್ಟೀರಿಯಾ ಉಪ್ಪಿನಲ್ಲಿ, ತುಸು ಕ್ಷಾರೀಯ ನೀರಿನಲ್ಲಿ, ಪ್ರಾಣಿಗೆ ಹಿತವಾದ ಉಷ್ಣತೆಯಲ್ಲಿ ಬೆಳೆಯುತ್ತದೆ. ಟೆರೆಡಿನಿಬ್ಯಾಕ್ಟರ್ ಚೆನ್ನಾಗಿ ಬೆಳೆಯುವುದು 30ರಿಂದ 35 ಡಿಗ್ರಿಯಲ್ಲಿ, 8.5ರ ಆಸುಪಾಸಿನ ಪಿಎಚ್‌ನಲ್ಲಿ. ಈ ಗುಣಗಳು ಎಥೆನಾಲ್ ಸ್ಥಾವರಕ್ಕೆ ಬೇಡವಾಗಬಹುದು, ಬಟ್ಟೆ ತೊಳೆಯುವ ಪುಡಿಗೆ ಬೇಕಾಗಬಹುದು. ಹಡಗುಹುಳುವಿನ ಬ್ಯಾಕ್ಟೀರಿಯಾ ಸ್ರವಿಸುವ ಕ್ಷಾರೀಯ ಪ್ರೋಟಿಯೇಸನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1990ರ ದಶಕದಲ್ಲಿ ಡಿಟರ್ಜೆಂಟ್‌ಗೆ ಬೆರೆಸಿ ಪರೀಕ್ಷಿಸಿ, ಕಲೆ ತೆಗೆಯುವ ಶಕ್ತಿ ಹೆಚ್ಚುವುದನ್ನು ವರದಿ ಮಾಡಿದ್ದರು. ಮರ ತಿನ್ನುವ ಪ್ರಾಣಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವವೊಂದು ಗಮನ ಸೆಳೆದದ್ದು ನನಗೆ ಇಡೀ ಕಥೆಯಲ್ಲಿ ಅತ್ಯಂತ ರುಚಿಕರವಾದ ಭಾಗ. ಆದರೆ ಆ ಹೊತ್ತಿಗಾಗಲೇ ಡಿಟರ್ಜೆಂಟ್ ಪೇಟೆಯನ್ನು ಇನ್ನೊಂದು ಬ್ಯಾಕ್ಟೀರಿಯಾವಾದ ಬ್ಯಾಸಿಲಸ್‌ನ ಪ್ರೋಟಿಯೇಸ್‌ಗಳು ಆಕ್ರಮಿಸಿಕೊಂಡಿದ್ದವು. ಪೇಟೆಗೆ ತಡವಾಗಿ ಬಂದ ಕಿಣ್ವಕ್ಕೆ ಗುಣವೊಂದೇ ಆಸರೆಯಾಗುವುದಿಲ್ಲ.

ಒಂದು ಉಪಕಥೆ. ಬೆಂಗಳೂರಿನ ಬಯೋಕಾನ್ 1978ರಲ್ಲಿ ಆರಂಭವಾದಾಗ ತಯಾರಿಸುತ್ತಿದ್ದುದು ಪಪ್ಪಾಯಿಯ ಪಪೈನ್ ಕಿಣ್ವವನ್ನು, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸಲು ತೆಗೆಯುವ ಐಸಿಂಗ್ಲಾಸ್ ಎಂಬ ಪದಾರ್ಥವನ್ನು. ಎರಡನೆಯದು ಕಿಣ್ವವಲ್ಲ, ಕೊಲಾಜೆನ್. ಆ ಕಂಪನಿ ತನ್ನ ಕಿಣ್ವ ವಿಭಾಗವನ್ನು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು. ಕಿಣ್ವದ ವ್ಯಾಪಾರದಲ್ಲಿ ಲಾಭದ ಎಳೆ ಎಷ್ಟು ತೆಳುವಾದದ್ದು, ದೊಡ್ಡ ಪ್ರಮಾಣವಿಲ್ಲದೆ ಉಳಿಯುವುದು ಎಷ್ಟು ಕಷ್ಟ ಎಂಬುದನ್ನು ನಮ್ಮ ಊರಿನಲ್ಲಿಯೇ ಕಂಡವರು ನಾವು.

ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಒಂದು ಮೂಲಭೂತ ಸಂದೇಹವಿದೆ. ಬ್ಯಾಕ್ಟೀರಿಯಾಗಳಿರುವುದು ಕಿವಿರಿನಲ್ಲಿ ಎನ್ನುತ್ತೀರಿ. ಮರದ ಪುಡಿ ಜೀರ್ಣವಾಗುವುದು ಹೊಟ್ಟೆಯ ಭಾಗದಲ್ಲಿ. ಹಾಗಿದ್ದರೆ ಜೀರ್ಣಕ್ರಿಯೆ ಬ್ಯಾಕ್ಟೀರಿಯಾದ ಕಿಣ್ವದಿಂದಲೇ ಆಗುತ್ತದೆ ಎಂದು ಹೇಗೆ ಹೇಳುವುದು? ಪ್ರಾಣಿಯೇ ತನ್ನ ಕಿಣ್ವವನ್ನು ತಯಾರಿಸುತ್ತಿರಬಾರದೇಕೆ? ನಾನು ಓದಿದ ಮಟ್ಟಿಗೆ, ಮರವನ್ನು ಕೊರೆಯುವ ಇನ್ನೊಂದು ಕಡಲ ಜೀವಿಯಾದ ಗ್ರಿಬಲ್ ಎಂಬ ಸಣ್ಣ ಕಠಿಣಚರ್ಮಿಯ ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆನ್ನುವಷ್ಟು ಕಡಿಮೆ. ಅದರ ಸೆಲ್ಯುಲೇಸ್‌ಗಳು ಅದರ ಸ್ವಂತ ಜೀನ್‌ಗಳಿಂದಲೇ ಬರುತ್ತವೆ.

ಅಳಿವೆ ಮೇಷ್ಟ್ರು

ಈ ಪ್ರಶ್ನೆಯನ್ನು ನೀವು ಎತ್ತಿದ್ದು ಬಹಳ ಒಳ್ಳೆಯದಾಯಿತು. ಸಮುದ್ರದ ಪ್ರಾಣಿಯಿಂದ ಸಿಕ್ಕ ಕಿಣ್ವ ಎಂದ ಕೂಡಲೇ ಅದನ್ನು ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬರೆಯುವ ಅಭ್ಯಾಸ ಹಲವು ಲೇಖನಗಳಲ್ಲಿ ಇದೆ.

ಹಡಗುಹುಳುವಿನ ಜೀರ್ಣನಾಳದಲ್ಲಿ ಮರದ ಪುಡಿ ಶೇಖರವಾಗುವ ಒಂದು ದೊಡ್ಡ ಚೀಲವಿದೆ. ಅದನ್ನು ಸೀಕಮ್ ಎನ್ನುತ್ತಾರೆ. ಗೆದ್ದಲಿನ ಕರುಳೋ ದನದ ಹೊಟ್ಟೆಯೋ ಆಗಿದ್ದರೆ ಅಂತಹ ಚೀಲ ಸೂಕ್ಷ್ಮಜೀವಿಗಳಿಂದ ಕಿಕ್ಕಿರಿದಿರುತ್ತಿತ್ತು. ಇಲ್ಲಿ ಅದು ಹೆಚ್ಚುಕಡಿಮೆ ಖಾಲಿ. 2014ರಲ್ಲಿ ಬ್ಯಾಂಕಿಯಾ ಸೆಟೇಸಿಯ ಎಂಬ ಶಾಂತಸಾಗರದ ಜಾತಿಯ ಮೇಲೆ ನಡೆದ ಅಧ್ಯಯನವು ಕಿವಿರಿನ ಬ್ಯಾಕ್ಟೀರಿಯಾಗಳ ಜೀನೋಮ್‌ಗಳನ್ನು ಓದಿ, ಸೀಕಮ್‌ನ ದ್ರವದಲ್ಲಿದ್ದ ಪ್ರೋಟೀನ್‌ಗಳನ್ನು ಒಂದೊಂದಾಗಿ ಗುರುತಿಸಿ ಎರಡನ್ನೂ ಹೋಲಿಸಿತು. ಕಿವಿರಿನ ಬ್ಯಾಕ್ಟೀರಿಯಾಗಳ ಜೀನ್‌ಗಳಿಂದ ಹುಟ್ಟಿದ, ಮರವನ್ನು ಒಡೆಯುವ ಆಯ್ದ ಕೆಲವು ಕಿಣ್ವಗಳು ಬ್ಯಾಕ್ಟೀರಿಯಾಗಳಿಲ್ಲದ ಸೀಕಮ್‌ನಲ್ಲಿ ಪತ್ತೆಯಾದವು. ಅಂದರೆ ಜೀವಿ ಒಂದು ಅಂಗದಲ್ಲಿ ಉಳಿಯುತ್ತದೆ, ಅದರ ಕಿಣ್ವ ಇನ್ನೊಂದು ಅಂಗಕ್ಕೆ ಸಾಗುತ್ತದೆ. ಬಿಡುಗಡೆಯಾದ ಸಕ್ಕರೆಯನ್ನು ಕಬಳಿಸಲು ಅಲ್ಲಿ ಬ್ಯಾಕ್ಟೀರಿಯಾಗಳ ದಂಡಿಲ್ಲದಿರುವುದರಿಂದ ಅದು ನೇರವಾಗಿ ಪ್ರಾಣಿಗೆ ದಕ್ಕುತ್ತದೆ. ಊಟ ಒಂದು ಮನೆಯಲ್ಲಿ ತಯಾರಾಗಿ ಪಂಕ್ತಿ ಇನ್ನೊಂದು ಮನೆಯಲ್ಲಿ ನಡೆದಂತೆ ಇದು. ಅಡುಗೆಯವರು ಪಂಕ್ತಿಯಲ್ಲಿ ಕೂರುವುದಿಲ್ಲ.

ನೀವು ಹೇಳಿದ ಸಾಧ್ಯತೆಯೂ ಸುಳ್ಳಲ್ಲ. 2018ರಲ್ಲಿ ಲೈರೊಡಸ್ ಎಂಬ ಇನ್ನೊಂದು ಹಡಗುಹುಳುವಿನ ಮೇಲೆ ನಡೆದ ಕೆಲಸವು ಪ್ರಾಣಿಯ ಜೀರ್ಣಗ್ರಂಥಿಯೇ ತಯಾರಿಸುವ ಕಿಣ್ವಗಳೂ ಅದೇ ಸೀಕಮ್‌ನಲ್ಲಿ ದುಡಿಯುವುದನ್ನು ತೋರಿಸಿತು. ಇದು ಜಂಟಿ ಸಂಸಾರ. ಹೊಸ ಕಿಣ್ವವನ್ನು ಹುಡುಕಲು ಹೊರಡುವವರು ಬ್ಯಾಕ್ಟೀರಿಯಾವನ್ನು ಮಾತ್ರ ಬೆಳೆಸಿ ಕೈತೊಳೆದುಕೊಂಡರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಸೀಕಮ್‌ನಲ್ಲಿ ಆಯ್ದ ಕೆಲವೇ ಕಿಣ್ವಗಳು ಸಿಕ್ಕಿದ್ದು ಬಹಳ ಮುಖ್ಯವಾದ ಸಂಗತಿ. ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ನೂರಾರು ಸಾಧ್ಯತೆಗಳಿರಬಹುದು. ಪ್ರಾಣಿ ಬಳಸುತ್ತಿರುವುದು ಒಂದು ಚಿಕ್ಕ ಬಳಗವನ್ನು. ಮರವನ್ನು ಒಡೆಯಲು ಕನಿಷ್ಠ ಎಷ್ಟು ಬಗೆಯ ಕಿಣ್ವಗಳು ಸಾಕು ಎಂದು ಪ್ರಯೋಗಾಲಯದಲ್ಲಿ ತಿಣುಕಾಡುವವರಿಗೆ ಪ್ರಾಣಿಯೇ ಒಂದು ಆಯ್ಕೆಪಟ್ಟಿಯನ್ನು ಸಿದ್ಧಪಡಿಸಿ ಕೊಟ್ಟಿದೆ. ಹುದುಗುಪಾತ್ರೆ ಅವರೇ, ತಮ್ಮ ಶಿಲೀಂಧ್ರದಲ್ಲಿ ಇಂತಹ ಸುಳುಹು ಸಿಗುವುದಿಲ್ಲ ಎಂಬುದು ನನ್ನ ವಾದ.

ಟ್ರೊಮ್ಸೊ ಕನ್ನಡಿಗ

ನಾನು ನಾರ್ವೆಯ ಉತ್ತರದಲ್ಲಿ ಇರುವವನು. ಪ್ರಾಣಿಯ ಕಿಣ್ವ ಯಾವುದು, ಬ್ಯಾಕ್ಟೀರಿಯಾದ್ದು ಯಾವುದು ಎಂಬ ಗೊಂದಲಕ್ಕೆ ನಮ್ಮ ಊರಿನ ಉದಾಹರಣೆಯೇ ಚೆನ್ನಾಗಿ ಹೊಂದುತ್ತದೆ. ಡಿಎನ್ಎ ಪ್ರಯೋಗಗಳಲ್ಲಿ ಬಳಸುವ ಸಿಗಡಿಯ ಆಲ್ಕಲೈನ್ ಫಾಸ್ಫಟೇಸ್ ಇಲ್ಲಿನ ತಣ್ಣೀರಿನ ಸಿಗಡಿಯಾದ ಪಾಂಡಾಲಸ್ ಬೋರಿಯಾಲಿಸ್‌ನ ಸ್ವಂತ ಕಿಣ್ವ. ಸಿಗಡಿ ಸಂಸ್ಕರಣೆಯಲ್ಲಿ ಹೊರಗೆ ಹರಿಯುವ ನೀರಿನಿಂದಲೇ ಅದನ್ನು ಬೇರ್ಪಡಿಸುವ ವಿಧಾನವನ್ನು ಇಲ್ಲಿ ರೂಪಿಸಿದ್ದರು. ಟ್ರೊಮ್ಸೊದ ಆರ್ಕ್ಟಿಕ್‌ಜೈಮ್ಸ್ ಕಂಪನಿ ಅದನ್ನು ಮಾರುತ್ತದೆ. ಸ್ವಲ್ಪ ಬಿಸಿ ಮಾಡಿದರೆ ಅದು ಸಂಪೂರ್ಣವಾಗಿ ನಿಷ್ಕ್ರಿಯವಾಗುವುದರಿಂದ ಮುಂದಿನ ಹಂತದ ಪ್ರಯೋಗಕ್ಕೆ ಅಡ್ಡಿಯಾಗುವುದಿಲ್ಲ. ತಣ್ಣೀರಿನ ಪ್ರಾಣಿಯ ಕಿಣ್ವದ ದೌರ್ಬಲ್ಯವೇ ಅಲ್ಲಿ ಬೆಲೆಬಾಳುವ ಗುಣವಾಗಿದೆ. ಕಾಡ್ ಮೀನಿನ ಯುರಾಸಿಲ್ ಡಿಎನ್ಎ ಗ್ಲೈಕೊಸಿಲೇಸ್ ಕಥೆಯೂ ಹೀಗೆಯೇ. ಇವು ಪ್ರಾಣಿಯ ಕಿಣ್ವಗಳಾದ ಕಾರಣ ಈ ಚರ್ಚೆಯ ವಿಷಯಕ್ಕೆ ನೇರವಾಗಿ ಸೇರುವುದಿಲ್ಲ. ಆದರೆ ಗಮನಿಸಿ: ಕೆಲವೇ ಮೈಕ್ರೊಲೀಟರ್‌ಗಳಲ್ಲಿ ಬಿಕರಿಯಾಗುವ ಕಿಣ್ವಕ್ಕೆ ಟ್ರೈಕೊಡರ್ಮಾದ ರಾಶಿ ಉತ್ಪಾದನೆಯ ಸ್ಪರ್ಧೆ ಅನ್ವಯಿಸುವುದೇ ಇಲ್ಲ.

ಇನ್ನೊಂದು ನಾರ್ವೆಯ ಕೊಂಡಿ ಹಡಗುಹುಳುವಿಗೇ ಸೇರಿದೆ. ಹರಳಿನಂತೆ ಬಿಗಿಯಾಗಿ ಹೆಣೆದುಕೊಂಡ ಕೈಟಿನ್ (ಸಿಗಡಿ, ಏಡಿಗಳ ಚಿಪ್ಪಿನ ಅಂಶ) ಅಥವಾ ಸೆಲ್ಯುಲೋಸನ್ನು ಸಾಮಾನ್ಯ ಕಿಣ್ವ ಹೊರಗಿನಿಂದ ಕಚ್ಚಲಾರದು. ಇಲ್ಲಿನ ಓಸ್ ಎಂಬಲ್ಲಿನ ವಿಜ್ಞಾನಿಗಳು 2010ರಲ್ಲಿ ಸೆರೇಶಿಯಾ ಬ್ಯಾಕ್ಟೀರಿಯಾದ ಒಂದು ಚಿಕ್ಕ ಪ್ರೋಟೀನ್ ಹರಳಿನ ಮೇಲ್ಮೈಯಲ್ಲೇ ಕೈಟಿನ್ ಸರಪಳಿಯನ್ನು ಉತ್ಕರ್ಷಣದ ಮೂಲಕ ತುಂಡರಿಸುವುದನ್ನು ತೋರಿಸಿದರು. ತಾಮ್ರದ ಪರಮಾಣುವನ್ನು ಹಿಡಿದು ಕೆಲಸ ಮಾಡುವ ಈ ಬಗೆಯನ್ನು ಈಗ ಲೈಟಿಕ್ ಪಾಲಿಸ್ಯಾಕರೈಡ್ ಮೊನೊಆಕ್ಸಿಜನೇಸ್ ಎನ್ನುತ್ತಾರೆ. ಅವು ತೆರೆದ ಬಿರುಕಿನಲ್ಲಿ ಉಳಿದ ಕಿಣ್ವಗಳು ನುಗ್ಗುತ್ತವೆ. ಅದೇ ಕುಟುಂಬದ ಒಂದು ಕಿಣ್ವವನ್ನು 2019ರಲ್ಲಿ ಟೆರೆಡಿನಿಬ್ಯಾಕ್ಟರ್ ಟರ್ನೆರೆಯಿಂದ ತೆಗೆದು, ಅದು ಸೆಲ್ಯುಲೋಸಿನ ಮೇಲೆ ಕೆಲಸ ಮಾಡುವುದನ್ನು ತೋರಿಸಿ, ಅದರ ರಚನೆಯನ್ನು ಬಿಡಿಸಿದ್ದಾರೆ. ಈಗಿನ ಕೈಗಾರಿಕಾ ಸೆಲ್ಯುಲೇಸ್ ಮಿಶ್ರಣಗಳಲ್ಲಿ ಈ ಬಗೆಯ ಕಿಣ್ವಗಳನ್ನು ಸೇರಿಸಿಯೇ ಮಾರುವುದು. ಹೀಗಿರುವಾಗ ಹಡಗುಹುಳುವಿನ ಇಡೀ ಬ್ಯಾಕ್ಟೀರಿಯಾ ಶಿಲೀಂಧ್ರದೊಂದಿಗೆ ಕುಸ್ತಿಗೆ ಇಳಿಯಬೇಕಾಗಿಲ್ಲ. ಅದರ ಒಂದು ಜೀನ್ ಶಿಲೀಂಧ್ರದೊಳಗೇ ಹೋಗಿ ಕುಳಿತರೆ ಸಾಕು.

ಹುದುಗುಪಾತ್ರೆ

ಈ ಕೊನೆಯ ಮಾತನ್ನು ನಾನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಬ್ಯಾಕ್ಟೀರಿಯಾದ ಜೀನನ್ನು ಶಿಲೀಂಧ್ರದಲ್ಲಿ ಇಟ್ಟ ಮಾತ್ರಕ್ಕೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುತ್ತದೆ ಎಂಬ ಭರವಸೆಯಿಲ್ಲ. ಶಿಲೀಂಧ್ರವು ಅದಕ್ಕೆ ಸಕ್ಕರೆಯ ಕವಲುಗಳನ್ನು ಅಂಟಿಸಿ ಕೆಡಿಸುವುದೂ ಉಂಟು. ಮೇಷ್ಟ್ರು ಹೇಳಿದ ಆಯ್ಕೆಪಟ್ಟಿಯ ವಾದಕ್ಕೂ ಒಂದು ಮಿತಿಯಿದೆ. ಸೀಕಮ್‌ನಲ್ಲಿ ಮರದ ಪುಡಿ ತಂಗುವ ಅವಧಿ, ಅದರ ನಯ, ಪ್ರಾಣಿಯ ಸ್ವಂತ ಕಿಣ್ವಗಳ ಬೆಂಬಲ ಇವೆಲ್ಲ ಸೇರಿ ಆ ಚಿಕ್ಕ ಬಳಗ ಸಾಕಾಗಿದೆ. ಭತ್ತದ ಹುಲ್ಲಿನ ಸಿಲಿಕಾ ತುಂಬಿದ ರಾಶಿಗೆ ಅದೇ ಬಳಗ ಸಾಕಾಗಬೇಕೆಂದಿಲ್ಲ.

ಬೊಂಡಾಸ್

ಚರ್ಚೆ ಪೂರ್ತಿಯಾಗಿ ಮರದ ಕಡೆಗೇ ವಾಲಿರುವುದರಿಂದ ಬೇರೆ ಎರಡು ಪ್ರಾಣಿಗಳನ್ನು ಕರೆತರುತ್ತೇನೆ.

ಮೊದಲನೆಯದು ಹವಾಯಿಯ ಪುಟ್ಟ ಬಾಬ್‌ಟೇಲ್ ಸ್ಕ್ವಿಡ್. ಅದರ ಬೆಳಕಿನ ಅಂಗದಲ್ಲಿ ಅಲಿವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಬೆಳಗಾಗುತ್ತಲೇ ಪ್ರಾಣಿ ಅವುಗಳಲ್ಲಿ ಹೆಚ್ಚಿನ ಪಾಲನ್ನು ನೀರಿಗೆ ಉಗುಳಿ, ಉಳಿದವು ಮತ್ತೆ ಬೆಳೆದು ರಾತ್ರಿಯ ಹೊತ್ತಿಗೆ ಬೆಳಗುವಂತೆ ನೋಡಿಕೊಳ್ಳುತ್ತದೆ. ಬೆಳಕು ಕೊಡುವುದು ಲೂಸಿಫರೇಸ್ ಎಂಬ ಕಿಣ್ವ. ಈ ಬ್ಯಾಕ್ಟೀರಿಯಾದ ಬೆಳಕು ನೀರಿನ ವಿಷಾಂಶವನ್ನು ಅಳೆಯುವ ಮೈಕ್ರೊಟಾಕ್ಸ್ ಪರೀಕ್ಷೆಗೆ ಆಧಾರ: ಮಾದರಿಯನ್ನು ಬೆರೆಸಿದಾಗ ಬೆಳಕು ಎಷ್ಟು ಕುಗ್ಗುತ್ತದೋ ನೀರು ಅಷ್ಟು ವಿಷಯುಕ್ತ. ಲೂಸಿಫರೇಸ್ ತಯಾರಿಗೆ ಬೇಕಾದ ಅದರ ಲಕ್ಸ್ ಜೀನ್‌ಗಳನ್ನು ಬೇರೆ ಬ್ಯಾಕ್ಟೀರಿಯಾಗಳಿಗೆ ಸೇರಿಸಿ, ಯಾವ ಜೀನ್ ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದನ್ನು ಬೆಳಕಿನಿಂದಲೇ ಓದುವುದು ಇಂದು ಪ್ರಯೋಗಾಲಯಗಳ ದಿನನಿತ್ಯದ ಪದ್ಧತಿ.

ಎರಡನೆಯದು ಲಿಸೊಕ್ಲೈನಮ್ ಪಟೆಲ್ಲಾ ಎಂಬ ಹವಳ ದಿಬ್ಬಗಳ ಅಸಿಡಿಯನ್, ಅಂದರೆ ಒಂದೆಡೆ ಅಂಟಿಕೊಂಡು ಬದುಕುವ ಚೀಲದಂತಹ ಪ್ರಾಣಿ. ಅದರ ಮೈಯಲ್ಲಿ ಪ್ರೊಕ್ಲೊರಾನ್ ಎಂಬ ಹಸಿರು ಸಯನೊಬ್ಯಾಕ್ಟೀರಿಯಾ ತುಂಬಿರುತ್ತದೆ. ಪ್ರಾಣಿಯಿಂದ ಪಟೆಲ್ಲಮೈಡ್ ಎಂಬ ಉಂಗುರಾಕಾರದ ಪೆಪ್ಟೈಡ್‌ಗಳನ್ನು 1980ರ ದಶಕದ ಆರಂಭದಲ್ಲೇ ತೆಗೆದಿದ್ದರು. ಅವುಗಳನ್ನು ತಯಾರಿಸುವುದು ಪ್ರೊಕ್ಲೊರಾನ್ ಎಂಬುದು 2005ರಲ್ಲಿ ಅದರ ಜೀನ್‌ಗಳನ್ನು ಪ್ರಯೋಗಾಲಯಗಳ ಸಾಮಾನ್ಯ ಬ್ಯಾಕ್ಟೀರಿಯಾವಾದ ಇ. ಕೋಲಿಯಲ್ಲಿ ದುಡಿಸಿದಾಗ ಖಚಿತವಾಯಿತು. ಆ ತಯಾರಿಕೆಯ ಕೊನೆಯಲ್ಲಿ ಪೆಪ್ಟೈಡಿನ ಎರಡು ತುದಿಗಳನ್ನು ಬೆಸೆಯುವ ಪ್ಯಾಟ್‌ಜಿ ಎಂಬ ಕಿಣ್ವವು ಬೇರೆ ಬೇರೆ ಪೆಪ್ಟೈಡ್‌ಗಳನ್ನೂ ಉಂಗುರವಾಗಿಸಬಲ್ಲದು. ಉಂಗುರವಾದ ಪೆಪ್ಟೈಡ್ ದೇಹದಲ್ಲಿ ಬೇಗ ಒಡೆಯುವುದಿಲ್ಲ. ಆದ್ದರಿಂದ ಔಷಧ ವಿನ್ಯಾಸಕರಿಗೆ ಇದು ಅಚ್ಚುಮೆಚ್ಚು. ಕಿಣ್ವದ ವೇಗ ಮಾತ್ರ ಬಹಳ ಕಡಿಮೆ.

ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಬೊಂಡಾಸ್ ಅವರೇ, ಒಂದು ಸಣ್ಣ ಸೇರ್ಪಡೆ. 1983ರಲ್ಲಿ ಲಕ್ಸ್ ಜೀನ್‌ಗಳನ್ನು ಮೊದಲು ಇ. ಕೋಲಿಗೆ ವರ್ಗಾಯಿಸಿ ಬೆಳಗಿಸಿದಾಗ ಬಳಸಿದ ತಳಿ ಸ್ಕ್ವಿಡ್‌ನದ್ದಲ್ಲ. ಜಪಾನಿನ ಮೊನೊಸೆಂಟ್ರಿಸ್ ಎಂಬ ಮೀನಿನ ಬೆಳಕಿನ ಅಂಗದಿಂದ ಬಂದದ್ದು. ಸ್ಕ್ವಿಡ್‌ನಿಂದ ಬಂದ ತಳಿಗಳು ಗಾಜಿನ ಪಾತ್ರೆಯಲ್ಲಿ ಬಹಳ ಮಂದವಾಗಿ ಬೆಳಗುತ್ತವೆ. ಒಂದೇ ಪ್ರಭೇದವಾದರೂ ಯಾವ ಪ್ರಾಣಿಯ ಮನೆಯಿಂದ ಬಂದಿದೆ ಎಂಬುದು ಫಲಿತಾಂಶವನ್ನು ಬದಲಿಸುತ್ತದೆ. ಸ್ಕ್ವಿಡ್ ತಳಿಯೊಂದನ್ನೇ ನೆಚ್ಚಿದ್ದರೆ ಆ ಕೆಲಸ ಇನ್ನಷ್ಟು ತಡವಾಗುತ್ತಿತ್ತೋ ಏನೋ.

ನಮ್ಮೂರಿನ ಒಂದು ಸಂಗತಿಯೂ ಇಲ್ಲಿ ಪ್ರಸ್ತುತವೆನಿಸುತ್ತದೆ. ಬೆಳಗುವ ಇನ್ನೊಂದು ಬ್ಯಾಕ್ಟೀರಿಯಾವಾದ ವಿಬ್ರಿಯೊ ಹಾರ್ವಿಯಿಗೆ ಕೈಟಿನ್ ಒಡೆಯುವ ಕೈಟಿನೇಸ್‌ಗಳಿವೆ. ಸಿಗಡಿ, ಏಡಿಗಳ ಚಿಪ್ಪಿನ ಮೇಲೆ ಬಾಳಲು ಅವು ಬೇಕೇ ಬೇಕು. ಸಿಗಡಿ ಚಿಪ್ಪಿನ ತ್ಯಾಜ್ಯದಿಂದ ಆಮ್ಲ ಸುರಿಯದೆ ಗ್ಲುಕೋಸಮೈನ್ ತೆಗೆಯುವ ಆಸೆಯಿಂದ ಇಂತಹ ಕೈಟಿನೇಸ್‌ಗಳ ಅಧ್ಯಯನ ನಡೆಯುತ್ತಿದೆ. ಆದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸಿಗಡಿ ಮರಿ ಕೇಂದ್ರದಲ್ಲಿ ಮರಿಗಳ ಸಾಮೂಹಿಕ ಸಾವಿಗೆ ಕಾರಣವಾದದ್ದು ಆ್ಯಂಟಿಬಯೋಟಿಕ್‌ಗಳ ಪ್ರತಿರೋಧ ಪಡೆದಿದ್ದ ಇದೇ ವಿಬ್ರಿಯೊ ಹಾರ್ವಿಯಿ. ಉಪಯುಕ್ತ ಕಿಣ್ವದ ಒಡೆಯ ಸಿಗಡಿ ಕೃಷಿಕರ ಶತ್ರುವೂ ಹೌದು. ಇಂತಹ ಜೀವಿಯನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುವುದಕ್ಕಿಂತ ಅದರ ಜೀನನ್ನು ನಿರಪಾಯಕಾರಿ ಜೀವಿಗೆ ವರ್ಗಾಯಿಸುವುದೇ ಕ್ಷೇಮ.

ಈಗ ನನ್ನ ಸ್ವಾರ್ಥದ ಪ್ರಶ್ನೆ. ಕಾಂಡ್ಲಾ ಕಾಡಿನಲ್ಲಿ ಬಿದ್ದ ಮರದಿಂದ ಹಡಗುಹುಳುವನ್ನು ತೆಗೆದು, ಕಿವಿರಿನ ಬ್ಯಾಕ್ಟೀರಿಯಾವನ್ನು ಬೆಳೆಸುವ ಯೋಜನೆಯೊಂದನ್ನು ಬರೆಯಬೇಕೆಂದಿದ್ದೇನೆ. ಯಾವುದರ ಬಗ್ಗೆ ಎಚ್ಚರ ವಹಿಸಬೇಕು?

ಮರ ಮತ್ತು ಉಪ್ಪುನೀರು

ಮಗಳೇ, ಮೊದಲು ಅನುಮತಿಯ ಕೆಲಸ. ಕಾಂಡ್ಲಾ ಕಾಡು ಅರಣ್ಯ ಇಲಾಖೆಯ ವಶದಲ್ಲಿದ್ದರೆ ಬಿದ್ದ ಕೊಂಬೆಯನ್ನು ತೆಗೆಯಲೂ ಲಿಖಿತ ಒಪ್ಪಿಗೆ ಬೇಕು. ಹಡಗುಹುಳುವಿನ ಜೊತೆಗೆ ಬೇರೆ ಪ್ರಾಣಿಗಳನ್ನೂ ಸಂಗ್ರಹಿಸುವ ಆಲೋಚನೆಯಿದ್ದರೆ ಹವಳ, ಸಮುದ್ರ ಸೌತೆ ಮುಂತಾದವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತವೆ ಎಂಬುದು ನೆನಪಿರಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಪಡೆಯಲು ವಿದೇಶಿಯರೂ ಅನಿವಾಸಿ ಭಾರತೀಯರೂ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕು. ಟ್ರೊಮ್ಸೊದವರಿಗೆ ಸ್ನೇಹದಿಂದ ಒಂದು ಕೊಳವೆಯಲ್ಲಿ ತಳಿಯನ್ನು ಕಳುಹಿಸಿಬಿಡುವಂತಿಲ್ಲ, ಅವರು ನಮ್ಮವರೇ ಆಗಿದ್ದರೂ. ಕಿಣ್ವದ ಮೇಲೆ ಪೇಟೆಂಟ್ ಕೇಳುವ ದಿನ ಬಂದರೆ ಪ್ರಾಧಿಕಾರದ ಬಾಗಿಲನ್ನು ನೀವೂ ತಟ್ಟಬೇಕಾಗುತ್ತದೆ.

ಟ್ರೊಮ್ಸೊ ಕನ್ನಡಿಗ

ಸರ್ ಹೇಳಿದ್ದು ನಿಜ. ನಾನು ತಳಿಯನ್ನು ಕೇಳುವುದಿಲ್ಲ. ಜೀನೋಮ್‌ನ ಓದಿನಲ್ಲಿ ನೆರವು ಬೇಕಾದರೆ, ಅದಕ್ಕೂ ಪ್ರಾಧಿಕಾರದ ನಿಯಮವೇನೆಂದು ನಿಮ್ಮ ಸಂಸ್ಥೆಯ ಮೂಲಕ ವಿಚಾರಿಸಿಕೊಂಡೇ ಮುಂದುವರಿಯೋಣ.

ಅಳಿವೆ ಮೇಷ್ಟ್ರು

ಪ್ರಯೋಗದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಬಗೆಯ ಯೋಜನೆಗಳು ಬಹುಪಾಲು ಒಂದೇ ದಾರಿಯಲ್ಲಿ ನಡೆಯುತ್ತವೆ. ಮೀನು ಮಾರುಕಟ್ಟೆಯಿಂದ ಒಂದು ಪ್ರಾಣಿಯನ್ನು ತಂದು ಅರೆದು, ಕಡಲ ಬ್ಯಾಕ್ಟೀರಿಯಾಗಳಿಗೆಂದು ಸಿದ್ಧವಾಗಿ ಸಿಗುವ ಅಗಾರಿನ ಮೇಲೆ ಹರಡುತ್ತಾರೆ. ಬೆಳೆದದ್ದನ್ನು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ತಟ್ಟೆಗೆ ಹಾಕಿ, ಕಾಂಗೊ ಕೆಂಪು ಬಣ್ಣವನ್ನು ಸುರಿದು, ಉಪ್ಪುನೀರಿನಿಂದ ತೊಳೆದು, ಸುತ್ತಲೂ ತಿಳಿಯಾದ ಉಂಗುರ ಕಂಡ ಕೂಡಲೇ ಉಪಯುಕ್ತ ಕಿಣ್ವ ಸಿಕ್ಕಿತೆಂದು ಬರೆಯುತ್ತಾರೆ. ಆ ಉಂಗುರ ಹೇಳುವುದು ಬಹಳ ಸ್ವಲ್ಪ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ಪದಾರ್ಥ. ಅದನ್ನು ತುಂಡರಿಸಲು ಸರಪಳಿಯನ್ನು ನಡುವೆ ಕತ್ತರಿಸುವ ಎಂಡೊಗ್ಲುಕನೇಸ್ ಒಂದಿದ್ದರೆ ಸಾಕು. ಮರದಲ್ಲಿರುವ ಹರಳು ಸೆಲ್ಯುಲೋಸನ್ನು ಆ ಜೀವಿ ಮುಟ್ಟಲಾರದೆಯೂ ಇರಬಹುದು. ಅಲ್ಲದೆ ಮಾರುಕಟ್ಟೆಯ ಮಂಜುಗಡ್ಡೆಯಿಂದಲೋ ಮಾರುವವರ ಕೈಯಿಂದಲೋ ಬಂದ ಬ್ಯಾಕ್ಟೀರಿಯಾ ಪ್ರಾಣಿಯ ಸಹಜೀವಿಯಾಗಿಬಿಡುವುದಿಲ್ಲ.

ಆದ್ದರಿಂದ ಪ್ರಾಣಿಯನ್ನು ಜೀವಂತವಾಗಿ ಮರದ ತುಂಡಿನೊಂದಿಗೇ ತನ್ನಿ. ಮರವನ್ನು ಸೀಳುವಾಗ ಪ್ರಾಣಿ ಹರಿಯದಂತೆ ನೋಡಿಕೊಳ್ಳಿ. ಕಿವಿರನ್ನು ಬೇರ್ಪಡಿಸಿ, ಶುದ್ಧೀಕರಿಸಿದ ಸಮುದ್ರದ ನೀರಿನಲ್ಲಿ ಹಲವು ಬಾರಿ ತೊಳೆದು, ಕೊನೆಯ ತೊಳೆನೀರನ್ನೂ ಒಂದು ತಟ್ಟೆಯ ಮೇಲೆ ಹರಡಿ; ಕಿವಿರಿನ ತಟ್ಟೆಯಲ್ಲಿ ಬೆಳೆದದ್ದು ಅದರಲ್ಲೂ ಬೆಳೆದರೆ ಅದು ಹೊರಗಿನಿಂದ ಬಂದದ್ದು. ಬೆಳೆಸುವ ಮಾಧ್ಯಮದಲ್ಲಿ ಸೆಲ್ಯುಲೋಸ್ ಪುಡಿ, ಸಮುದ್ರದ ಲವಣಗಳು ಇರಲಿ. ಸಾರಜನಕದ ಯಾವ ಸಂಯುಕ್ತವನ್ನೂ ಹಾಕಬೇಡಿ. ಪೌಷ್ಟಿಕ ಅಗಾರಿನಲ್ಲಿ ಬೇಗ ಬೆಳೆಯುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಇಲ್ಲಿ ಹಸಿವಿನಿಂದ ಹಿಂದುಳಿಯುತ್ತವೆ. ನಮಗೆ ಬೇಕಾದದ್ದು ನಿಧಾನವಾಗಿ ತಲೆಯೆತ್ತುತ್ತದೆ. ತಾಳ್ಮೆ ಬೇಕು.

ಬೆಳೆದ ತಳಿಯ ದ್ರವವನ್ನು ಸೋಸಿ, ಹರಳು ಸೆಲ್ಯುಲೋಸಾದ ಅವಿಸೆಲ್ ಮೇಲೆ ಪ್ರಯೋಗಿಸಿ, ಬಿಡುಗಡೆಯಾದ ಸಕ್ಕರೆಯನ್ನು ಅಳೆಯಿರಿ. ಅದೇ ಅಳತೆಯನ್ನು ಉಪ್ಪಿಲ್ಲದೆ ಒಮ್ಮೆ, ಸಮುದ್ರದಷ್ಟು ಉಪ್ಪಿನಲ್ಲಿ ಒಮ್ಮೆ, ಅದಕ್ಕೂ ಹೆಚ್ಚಿನ ಉಪ್ಪಿನಲ್ಲಿ ಮತ್ತೊಮ್ಮೆ ಮಾಡಿ. ಪಿಎಚ್ 5, 7, 8.5 ಮೂರರಲ್ಲೂ ಮಾಡಿ. ಪಕ್ಕದಲ್ಲಿ ಅಂಗಡಿಯಲ್ಲಿ ಸಿಗುವ ಟ್ರೈಕೊಡರ್ಮಾ ಸೆಲ್ಯುಲೇಸನ್ನು, ಪ್ರೋಟೀನಿನ ತೂಕವನ್ನು ಸಮ ಮಾಡಿಕೊಂಡು, ಅದೇ ಸ್ಥಿತಿಗಳಲ್ಲಿ ಇಟ್ಟುಕೊಳ್ಳಿ. ಗ್ರಿಬಲ್‌ನ ಸೆಲ್ಯುಲೇಸ್ ಉಪ್ಪಿನಲ್ಲಿ ಚೆನ್ನಾಗಿ ದುಡಿಯಲು ಅದರ ಮೇಲ್ಮೈಯಲ್ಲಿ ತುಂಬಿರುವ ಆಮ್ಲೀಯ ಅಮಿನೊ ಆಮ್ಲಗಳು ಕಾರಣವೆಂದು 2013ರಲ್ಲಿ ಅದರ ರಚನೆಯನ್ನು ಬಿಡಿಸಿದವರು ವಿವರಿಸಿದ್ದಾರೆ; ನಿಮ್ಮ ಕಿಣ್ವದ ಅನುಕ್ರಮ ಸಿಕ್ಕ ದಿನ ಮೊದಲು ನೋಡಬೇಕಾದದ್ದು ಅದನ್ನೇ.

ಹುದುಗುಪಾತ್ರೆ

ಮೇಷ್ಟ್ರ ಪಟ್ಟಿಗೆ ಒಂದನ್ನು ಸೇರಿಸಿ: ಡಿಟರ್ಜೆಂಟ್. ಅದೇ ದ್ರವದ ಪ್ರೋಟಿಯೇಸ್ ಚಟುವಟಿಕೆಯನ್ನು 25 ಡಿಗ್ರಿಯಲ್ಲಿ, ಅಂಗಡಿಯ ಸಾಮಾನ್ಯ ಬಟ್ಟೆಪುಡಿಯ ದ್ರಾವಣದಲ್ಲಿ ಅಳೆದು ನೋಡಿ. ಆ ಪುಡಿಯಲ್ಲಿ ಮೊದಲೇ ಕಿಣ್ವ ಬೆರೆತಿರುತ್ತದೆ. ದ್ರಾವಣವನ್ನು ಕುದಿಸಿ ಆರಿಸಿ, ಅದು ಸತ್ತಿದೆಯೆಂದು ಖಾತ್ರಿಪಡಿಸಿಕೊಂಡ ಮೇಲೆ ನಿಮ್ಮದನ್ನು ಹಾಕಿ. ತಣ್ಣೀರಿನಲ್ಲಿ ಬಟ್ಟೆ ಒಗೆಯುವ ಮನೆಗಳೇ ನಮ್ಮಲ್ಲಿ ಹೆಚ್ಚು, ಕೊಳವೆಬಾವಿಯ ಗಡಸು ನೀರು ಬೇರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಕಡಲ ನೀರಿನಲ್ಲಿ ಹುಟ್ಟಿದ ಕಿಣ್ವಕ್ಕೆ ಗಡಸು ನೀರು ತೊಂದರೆ ಕೊಡಲಾರದು ಎಂಬುದು ನನ್ನ ಊಹೆ. ಅಂಕಿ ಬಂದ ಮೇಲೆ ಇಲ್ಲಿಯೇ ಹಾಕಿ. ಬ್ಯಾಸಿಲಸ್‌ನ ಸಬ್‌ಟಿಲಿಸಿನ್ ಎಂಬ ಪ್ರೋಟಿಯೇಸ್ ಜೊತೆ ಹೋಲಿಸಿದ ಕೋಷ್ಟಕವೂ ಜೊತೆಗಿರಲಿ.